ಸೇಂಟ್ ಗಾಲೆನ್ ಮಠದಲ್ಲಿ ಒಂದು ದಿನ

ಹತ್ತರಗಿಯ ಮನೆಗಟ್ಟೆಯನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಮೂರು ತಿಂಗಳು ವಾಸಮಾಡುವ ಯೋಗವು ಅರುವತ್ತನೆಯ ವಯಸ್ಸಿನಲ್ಲಿ ನನಗೆ ಒದಗೀತೆಂದು ಸ್ವಪ್ನದಲ್ಲಿಯೂ ಎಣಿಸಿರಲಿಲ್ಲ. ಮಗನು ಅಲ್ಲಿ ಉದ್ಯೋಗದಲ್ಲಿರುವನು. ಅವನ ಸಂಸಾರವೂ ಅಲ್ಲಿಯೇ. ಒಂಬತ್ತು ವರುಷದ ಮೊಮ್ಮಗನು ಶಾಲೆಯಲ್ಲಿ ಜರ್ಮನ್ ಓದುವನು. ಗೆಳೆಯರೊಡನೆ ಆ ಸೀಮೆಯ ಆಡುಮಾತನ್ನಾಡುವನು. ತಾಯಿಯು ಒತ್ತಾಯಪಡಿಸಿದರೆ ಮಾತ್ರ ಕನ್ನಡಕ್ಕೆ ಬರುವನು. ಹಿರಿಯರ ವಿದ್ಯೆಯು ಈ ಹುಡುಗನಲ್ಲಿಗೆ ಬಂದು ನಿಂತುಹೋದೀತೆಂದು ನನಗೆ ಕಳವಳವಾಯಿತು. ದಿನಾಲು ಬೆಳಿಗ್ಗೆ ಅವನಿಂದ ಅಮರಕೋಶವನ್ನು ಬಾಯಿಪಾಠ ಮಾಡಿಸತೊಡಗಿದೆನು. ಹದಿನೈದು ದಿನಗಳಾಗುವಷ್ಟರಲ್ಲಿ ಅವನು ನನ್ನ ಹೆಜ್ಜೆಯ ಸಪ್ಪಳ ಕೇಳಿದೊಡನೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುವಂತಾಯಿತು.

ಇಂಥ ಮುನಿಸಿನ ದಿನಗಳಲ್ಲಿ ಒಂದು ಶನಿವಾರ ಮಗನು ನಮ್ಮೆಲ್ಲರನ್ನೂ ಸೇಂಟ್ ಗಾಲೆನ್ ಎಂಬ ಊರಿನ ಪುರಾತನ ಮಠಕ್ಕೆ ಕರೆದೊಯ್ದನು. ಜೂರಿಕ್‌ನಿಂದ ರೈಲಿನಲ್ಲಿ ಸುಮಾರು ಒಂದು ತಾಸಿನ ದಾರಿ. ನನ್ನ ಮನೆಯಾಕೆಯು ರೊಟ್ಟಿ, ಶೇಂಗಾದ ಚಟ್ನಿ, ಮೊಸರನ್ನಗಳ ಬುತ್ತಿಯನ್ನು ಕಟ್ಟಿದ್ದಳು. ರೈಲಿನಲ್ಲಿಯೂ ನಾನು ಮೊಮ್ಮಗನಿಗೆ ಹಿಂದಿನ ದಿನದ ಶ್ಲೋಕವನ್ನು ಕೇಳಿದೆನು. ಅವನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದನು. ಅರ್ಥವೇನೆಂದು ಕೇಳಲಾಗಿ ಮುಖವನ್ನು ಕಿಟಕಿಯತ್ತ ತಿರುಗಿಸಿದನು. ನಾನು ಗದರಿಸಿದೆನು.

ಕ್ರಿ. ಶ. 612ರ ಸುಮಾರಿಗೆ ಐರ್ಲೆಂಡಿನಿಂದ ಬಂದ ಗಾಲಸ್ ಎಂಬ ಯತಿಯು ಇಲ್ಲಿಯ ಸ್ಟೈನಾಖ್ ಎಂಬ ಹೊಳೆಯ ದಂಡೆಯ ಅರಣ್ಯದಲ್ಲಿ ಪರ್ಣಕುಟಿಯನ್ನು ಕಟ್ಟಿಕೊಂಡನು. ಕರಡಿಯೊಂದು ಅವನ ಬೆಂಕಿಗೆ ಕಟ್ಟಿಗೆ ತಂದು ಹಾಕಿತೆಂದೂ ಅವನು ಅದಕ್ಕೆ ರೊಟ್ಟಿಯನ್ನು ಕೊಟ್ಟನೆಂದೂ ಐತಿಹ್ಯವುಂಟು. ನಗರದ ಲಾಂಛನದಲ್ಲಿ ಇಂದಿಗೂ ಆ ಕರಡಿಯಿದೆ. 719ರಲ್ಲಿ ಓಟ್ಮಾರ್ ಎಂಬಾತನು ಆ ಸ್ಥಳದಲ್ಲಿ ಮಠವನ್ನು ಸ್ಥಾಪಿಸಿದನು. 1805ರಲ್ಲಿ ಮಠವು ವಿಸರ್ಜಿತವಾಯಿತು. ಅದರ ದೇವಾಲಯವೂ ಗ್ರಂಥಭಂಡಾರವೂ ಉಳಿದಿವೆ.

ಮೊದಲು ನಾವು ಕಂಡುದು ಒಂದು ನಕಾಶೆ. ಐದು ಚರ್ಮಪತ್ರಗಳನ್ನು ಹೊಲಿದು, ಕೆಂಪು ಮಸಿಯಿಂದ ಒಂಬತ್ತನೆಯ ಶತಮಾನದಲ್ಲಿ ಬರೆದುದು. ಆದರ್ಶ ಮಠವೊಂದು ಹೇಗಿರಬೇಕೆಂಬುದರ ಚಿತ್ರವಿದು. ಬೆಳಕಿನಿಂದ ಕೆಡಬಾರದೆಂದು ಅದನ್ನು ಕೆಲವೇ ಕ್ಷಣ ತೋರಿಸಿ ಮುಚ್ಚುವರು. ಅದರಲ್ಲಿ ಪಾಠಶಾಲೆ, ಅತಿಥಿಗೃಹ, ರೋಗಿಗಳ ಮನೆ, ಔಷಧಿಯ ತೋಟ, ಕಾಯಿಪಲ್ಲೆಯ ಮಡಿಗಳು ಇವೆಲ್ಲವೂ ಇವೆ. ಒಂದೊಂದು ಮಡಿಗೂ ಹೆಸರುಂಟು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೊತ್ತಂಬರಿ ಎಂದು ಮಗನು ವಿವರಿಸಿದನು. ಮನೆಯಾಕೆಯು ನಕ್ಕು, “ಸನ್ಯಾಸಿಗಳಿಗೂ ಒಗ್ಗರಣಿ ಬೇಕಽ ಬೇಕು” ಎಂದಳು. ನಮ್ಮ ಹುಕ್ಕೇರಿ ತಾಲೂಕಿನ ನಿಡಸೋಸಿಯ ಮಠವೂ ಅಲ್ಲಿಯ ದಾಸೋಹವೂ ನನ್ನ ಕಣ್ಣಮುಂದೆ ಬಂದವು. ದೇಶವು ಯಾವುದಾದರೇನು, ಹಸಿದವನಿಗೆ ಅನ್ನವನ್ನೂ ಬಾಲಕನಿಗೆ ಅಕ್ಷರವನ್ನೂ ಕೊಡುವಲ್ಲಿಯೇ ಮಠತ್ವವಿರುವುದು.

ಗ್ರಂಥಭಂಡಾರದ ಬಾಗಿಲ ಮೇಲೆ ‘ಆತ್ಮದ ಚಿಕಿತ್ಸಾಲಯ’ ಎಂಬರ್ಥದ ಗ್ರೀಕ್ ಲಿಪಿ ಇದೆ. ಮರದ ನೆಲವು ಸವೆಯದಿರಲೆಂದು ಪಾದರಕ್ಷೆಗಳ ಮೇಲೆ ಉಣ್ಣೆಯ ದೊಡ್ಡ ಮೆಟ್ಟುಗಳನ್ನು ತೊಟ್ಟು ನಾವೆಲ್ಲ ಮೆಲ್ಲನೆ ಜಾರುತ್ತ ಒಳಹೊಕ್ಕೆವು. ಈಗಿನ ಸಭಾಂಗಣವು 1758ರಿಂದ 1767ರ ವರೆಗೆ ನಿರ್ಮಿತವಾದುದು. ಇಲ್ಲಿ ಸುಮಾರು 2100 ಹಸ್ತಪ್ರತಿಗಳಿವೆ. 926ರಲ್ಲಿ ಹಂಗೇರಿಯವರು ದಂಡೆತ್ತಿ ಬಂದಾಗ ವಿಬೊರಾಡಾ ಎಂಬ ತಪಸ್ವಿನಿಯು, ಮೊದಲು ಗ್ರಂಥಗಳನ್ನು ರಕ್ಷಿಸಿರೆಂದು ಯತಿಗಳಿಗೆ ಬುದ್ಧಿ ಹೇಳಿ, ತಾನು ಮಾತ್ರ ತನ್ನ ಗುಹೆಯಂಥ ಕೋಣೆಯನ್ನು ಬಿಡದೆ ಶತ್ರುಗಳ ಕೈಯಲ್ಲಿ ಮಡಿದಳು. ಕಲ್ಯಾಣದ ಕ್ಷೋಭೆಯಲ್ಲಿ ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದ ಶರಣರ ಐತಿಹ್ಯವನ್ನು ನಮ್ಮ ಸೀಮೆಯಲ್ಲಿ ಕೇಳದವರಾರು? ನಾನು ಕೈಮುಗಿದೆನು.

ಅಷ್ಟರಲ್ಲಿ ಗಾಜಿನ ಪೆಟ್ಟಿಗೆಯೊಂದರ ಮುಂದೆ ನಿಂತು ಜರ್ಮನ್ ವಿವರಣೆಯನ್ನು ಓದುತ್ತಿದ್ದ ಮೊಮ್ಮಗನು ನನ್ನ ಕೈಯನ್ನು ಜಗ್ಗಿದನು. ತಡವರಿಸುತ್ತ ಹೇಳಿದನು: “ಅಜ್ಜಾ, ಇಂವಾ ಸಾಲಿ ಮಾಸ್ತರ ಇದ್ದನಂತ, ನಿನ್ಹಂಗ. ಹುಡುಗೋರಿಗೆ ಲ್ಯಾಟಿನ್ ತಿಳೀಲಿಲ್ಲಂತ. ಅದಕ್ಕ ಮನಿ ಮಾತಿನ್ಯಾಗ ಹೇಳಿಕೊಟ್ಟನಂತ.”

ಆ ಮಾಸ್ತರನ ಹೆಸರು ನೋಟ್ಕರ್, 1022ರಲ್ಲಿ ತೀರಿಕೊಂಡವನು. ಲ್ಯಾಟಿನ್ ಭಾಷೆಯೊಂದೇ ವಿದ್ಯಾಭಾಷೆಯೆನಿಸಿದ್ದ ಆ ಕಾಲದಲ್ಲಿ ಅವನು ತನ್ನ ಶಿಷ್ಯರಿಗಾಗಿ ದಾವೀದನ ಕೀರ್ತನೆಗಳನ್ನೂ ಅರಿಸ್ಟಾಟಲನ ತರ್ಕಗ್ರಂಥವನ್ನೂ ಜರ್ಮನ್ ಮಾತಿನಲ್ಲಿ ವಿವರಿಸಿದನು. ಪರಭಾಷೆಯಲ್ಲಿ ಅರೆಬರೆಯಾಗಿ ತಿಳಿಯುವುದು ಸ್ವಭಾಷೆಯಲ್ಲಿ ಬೇಗನೆ ತಿಳಿಯುವುದೆಂದು ಬಿಷಪ್ಪನೊಬ್ಬನಿಗೆ ಕಾಗದವನ್ನೂ ಬರೆದನು. ಹಾಗೆಂದು ಅವನು ಲ್ಯಾಟಿನ್ನನ್ನು ಬಿಡಲಿಲ್ಲ. ಮೂಲದ ವಾಕ್ಯವನ್ನಿಟ್ಟು ಅದರ ಬೆನ್ನಿಗೇ ಮನೆಮಾತಿನ ಅರ್ಥವನ್ನಿಟ್ಟನು. ನಮ್ಮ ಪಂಡಿತರು ಸಂಸ್ಕೃತಗ್ರಂಥಗಳಿಗೆ ಬರೆದ ಕನ್ನಡ ಟೀಕೆಗಳೂ ಇದೇ ಜಾತಿಯವಲ್ಲವೇ?

ಮೂವತ್ತು ವರುಷ ಮಕ್ಕಳಿಗೆ ಪಾಠ ಹೇಳಿದ ನಾನು ಆ ಪೆಟ್ಟಿಗೆಯ ಮುಂದೆ ನಾಚಿದೆನು. ಆ ದಿನ ಅಜ್ಞಾನಿಯು ನಾನೇ. ಗೋಡೆಯ ಮೇಲಿನ ಒಂದು ಬರಹವೂ ನನಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಗದರಿಸಿಕೊಂಡ ಹುಡುಗನೇ ತನ್ನ ಮುರುಕು ಕನ್ನಡದಿಂದ ನನಗೆ ಟೀಕಾಕಾರನಾಗಿದ್ದನು. ಅವನ ಕನ್ನಡವು ಇಷ್ಟಾದರೂ ಉಳಿದುದರಿಂದಲೇ ನಮ್ಮಿಬ್ಬರ ನಡುವೆ ಒಂದು ಸೇತುವೆಯಿತ್ತು. ಅದನ್ನು ಬಲಪಡಿಸುವುದನ್ನು ಬಿಟ್ಟು ನಾನು ಅದರ ಮೇಲೆ ಶ್ಲೋಕಗಳ ಹೇರನ್ನು ಹೊರಿಸಿದ್ದೆನು.

ಹೊರಗೆ ಮಠದ ಅಂಗಳದ ಹಸುರಿನಲ್ಲಿ ಕುಳಿತು ಬುತ್ತಿಯನ್ನುಂಡೆವು. ಮೊಮ್ಮಗನು ರೊಟ್ಟಿಯ ಒಂದು ತುಣುಕನ್ನು ಎತ್ತಿ ಹಿಡಿದು “ಇದು ಕರಡಿಗೆ” ಎಂದಾಗ ಎಲ್ಲರೂ ನಕ್ಕೆವು.

ಮರುದಿನ ಬೆಳಿಗ್ಗೆ ಶ್ಲೋಕವಿರಲಿಲ್ಲ. ಒಂದು ವಹಿಯಲ್ಲಿ ನಾನು ‘ವಹ್ನಿ’ ಎಂದು ಬರೆದೆನು. ಅದರ ಕೆಳಗೆ ಅವನು ತಾಯಿಯನ್ನು ಕೇಳಿ ‘ಬೆಂಕಿ’ ಎಂದು ಕನ್ನಡ ಅಕ್ಷರದಲ್ಲಿ ಬರೆದನು. ಅದರ ಕೆಳಗೆ ಜರ್ಮನ್ ಪದವನ್ನು ಬರೆದು ನನ್ನಿಂದ ಮೂರು ಸಲ ಹೇಳಿಸಿದನು. ನನ್ನ ಉಚ್ಚಾರವು ಸರಿಯಾಗಲಿಲ್ಲ. ಆದರೂ ಅವನು ಗದರಿಸಲಿಲ್ಲ. ನಾನು ಊರಿಗೆ ಮರಳುವಷ್ಟರಲ್ಲಿ ಆ ವಹಿಯ ನಲವತ್ತು ಪುಟಗಳು ತುಂಬಿದ್ದವು.