ಕೂಸಿನ ಆರೈಕೆ, ಮನೆಗೆಲಸ ಮತ್ತು ಸ್ವಂತ ಕಾಯಕ



ಬಾಣಂತನವೆಂಬುದು ನಮ್ಮ ಹಿರಿಯರು ತಾಯಿಗಾಗಿ ಕಟ್ಟಿಕೊಟ್ಟ ವಿಶ್ರಾಂತಿಯ ವ್ಯವಸ್ಥೆ. ಹೆತ್ತ ಹೆಣ್ಣುಮಗಳು ತವರಿನಲ್ಲಿದ್ದು, ಎಣ್ಣೆನೀರು, ಅಳವಿಯ ಪಾಯಸ, ಅಂಟಿನ ಉಂಡೆ, ಸಬ್ಬಸಿಗೆ ಸೊಪ್ಪಿನ ಪಲ್ಯಗಳಿಂದ ಚೇತರಿಸಿಕೊಳ್ಳಬೇಕು. ತುಂಬಿದ ಕೊಡವನ್ನು ಎತ್ತಬಾರದು, ಒಲೆಯ ಮುಂದೆ ಕೂಡಬಾರದು ಎಂಬುದು ಅದರ ನಿಯಮ. ಆದರೆ ಈ ವ್ಯವಸ್ಥೆಯು ಸಾಗುತ್ತಿದ್ದುದು ಮನೆಯಲ್ಲಿ ನಾಲ್ಕಾರು ಜನ ಹೆಂಗಸರಿದ್ದಾಗ. ಒಬ್ಬಳ ವಿಶ್ರಾಂತಿಯೆಂದರೆ ಉಳಿದವರ ಇಮ್ಮಡಿ ದುಡಿಮೆ ಎಂಬ ಸತ್ಯವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ನನ್ನ ತಾಯಿ ಇಂದು ಇಲ್ಲ. ಆದ್ದರಿಂದ ನನ್ನ ಬಾಣಂತನವು ಗಂಡನ ಮನೆಯಲ್ಲಿಯೇ ನಡೆಯಿತು. ಮನೆಯಲ್ಲಿ ಮೊಣಕಾಲು ನೋವಿನ ಅತ್ತೆಯವರು, ಸರಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕರಾಗಿರುವ ಯಜಮಾನರು, ನಾನು ಮತ್ತು ಕೂಸು. ರಾಜ್ಯ ಸರಕಾರಿ ನೌಕರರಿಗೆ ದೊರೆಯುವ ಪಿತೃತ್ವ ರಜೆ 15 ದಿನ. ಆ ದಿನಗಳು ಮುಗಿದ ಮೇಲೆ ಮನೆಯ ಲೆಕ್ಕವನ್ನು ಹೊಸದಾಗಿ ಹಾಕಬೇಕಾಯಿತು.

ಲೆಕ್ಕವೆಂದೆ, ಅದು ನಿಜವಾಗಿಯೂ ಲೆಕ್ಕವೇ. ನವಜಾತ ಶಿಶುವಿಗೆ ದಿನಕ್ಕೆ 8ರಿಂದ 12 ಸಲ ಹಾಲೂಡಿಸಬೇಕು. ಹತ್ತು ಸಲವೆಂದು ಹಿಡಿದು, ಒಂದು ಸಲಕ್ಕೆ ಅರ್ಧ ಗಂಟೆಯೆಂದರೂ ದಿನಕ್ಕೆ 5 ಗಂಟೆಗಳಾದವು. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಎತ್ತಿ ಆಡಿಸುವುದು ಇದರ ಹೊರಗೆ. ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ ಎಂದು ಕೇಳಿದವರಿಗೆ ತಾಯಿಗೆ ಬೇಕಾದಷ್ಟು ಬಿಡುವಿದೆ ಎನಿಸಬಹುದು. ಆದರೆ ಆ ನಿದ್ರೆ ಎರಡು ಮೂರು ಗಂಟೆಗಳ ತುಂಡುಗಳಾಗಿ ಬರುತ್ತದೆ; ಹಗಲು ರಾತ್ರಿಗಳ ಭೇದ ಅದಕ್ಕೆ ಇನ್ನೂ ತಿಳಿಯದು. ಆ ತುಂಡುಗಳಲ್ಲಿಯೇ ಅಡುಗೆ, ಪಾತ್ರೆ, ಬಟ್ಟೆ, ಸ್ನಾನ, ಊಟ ಎಲ್ಲವೂ ಆಗಬೇಕು.

ಇದರ ನಡುವೆ ನನ್ನದೊಂದು ಸ್ವಂತ ಕೆಲಸವಿತ್ತು. ಶರಣೆಯರ ವಚನಗಳಲ್ಲಿ ಬರುವ ದುಡಿಮೆಯ ಪದಗಳನ್ನು, ಎಂದರೆ ಕುಟ್ಟುವ, ಬೀಸುವ, ನೂಲುವ, ಕಸ ಗುಡಿಸುವ ಕೆಲಸಗಳಿಗೆ ಸಂಬಂಧಿಸಿದ ಪದಗಳನ್ನು ಚೀಟಿಗಳಲ್ಲಿ ಬರೆದು, ಅವುಗಳ ಅರ್ಥವನ್ನು ಹಳ್ಳಿಯ ಹಿರಿಯರಿಂದ ಕೇಳಿ ತಿಳಿದು ಒಂದು ಚಿಕ್ಕ ಪದಕೋಶವನ್ನು ಸಿದ್ಧಪಡಿಸುವುದು. ಇದು ಸಂಬಳದ ಕೆಲಸವಲ್ಲ, ಎಂ.ಎ. ಓದುವ ಕಾಲದಿಂದ ಮನಸ್ಸಿನಲ್ಲಿದ್ದ ಆಸೆ. ಬಾಣಂತಿಯ ಕೋಣೆಯಲ್ಲಿ ಚೀಟಿಗಳ ಕಟ್ಟನ್ನು ಕಂಡು ಅತ್ತೆಯವರು ಒಮ್ಮೆ ಹೇಳಿದರು: "ಕೂಸು ದೊಡ್ಡದಾಗ್ಲಿ ಬಿಡವ್ವಾ. ಎಂಟುನೂರು ವರ್ಷ ಕಾದಾವ ಆ ಶಬ್ದ, ಇನ್ನೆರಡು ವರ್ಷ ಕಾಯಂಗಿಲ್ಲೇನು?"

ಆ ಮಾತಿನಲ್ಲಿ ಪ್ರೀತಿಯಿತ್ತು, ತರ್ಕವೂ ಇತ್ತು. ನಾನು ಹೇಳಿದೆ: "ಶಬ್ದ ಕಾಯ್ತಾವ್ರೀ ಅತ್ತಿ. ಅದರ ಅರ್ಥ ಗೊತ್ತಿದ್ದ ಮುದುಕೇರು ಕಾಯಂಗಿಲ್ಲಲ್ರೀ." ಒರಳು ಒನಕೆಗಳು ಅಟ್ಟ ಸೇರಿ ಎರಡು ತಲೆಮಾರುಗಳಾದವು. ಕುಟ್ಟಿ ಬಲ್ಲವರು ಈಗ ಎಪ್ಪತ್ತು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರು ಹೋದ ಮೇಲೆ ನಿಘಂಟಿನಲ್ಲಿ ಪದ ಉಳಿದೀತು, ಕೈಯ ಚಲನೆ ಉಳಿಯದು. ಇತ್ತ ಕೂಸೂ ಕಾಯದು. ಕಾಯಲಾರದ ಎರಡು ಕೆಲಸಗಳ ನಡುವೆ ಯಾವುದನ್ನು ಬಿಡಬೇಕೆಂಬುದೇ ನನ್ನನ್ನು ಹಲವು ರಾತ್ರಿ ಕಾಡಿದ ಪ್ರಶ್ನೆ.

ಉತ್ತರವನ್ನು ಹುಡುಕುವಾಗ ಶರಣೆಯರ ಹೆಸರುಗಳೇ ಕಣ್ಣಮುಂದೆ ಬಂದವು. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು. ಕದಿರ ರೆಮ್ಮವ್ವೆ ನೂಲುವವಳು. ಸತ್ಯಕ್ಕ ಅಂಗಳದ ಕಸ ಗುಡಿಸುವವಳು. ಆಯ್ದಕ್ಕಿ ಲಕ್ಕಮ್ಮನ ಹೆಸರಿನಲ್ಲಿಯೇ ಅಕ್ಕಿಯಿದೆ. ಹನ್ನೆರಡನೆಯ ಶತಮಾನದ ಈ ಪರಂಪರೆಯಲ್ಲಿ ಅನುಭಾವಕ್ಕಾಗಿ ಮನೆಗೆಲಸವನ್ನು ಬಿಟ್ಟವರು ಕೆಲವರಾದರೆ, ಮನೆಗೆಲಸದ ಹೆಸರನ್ನೇ ಹೊತ್ತು ಮಾತನಾಡಿದವರು ಹಲವರು. ಅವರಿಗೆ ಬಿಡುವು ಹೆಚ್ಚಾಗಿತ್ತೆಂದು ಭಾವಿಸಲು ಕಾರಣವಿಲ್ಲ. ಲಕ್ಕಮ್ಮನ ಕಥೆಯಂತೂ ಎಲ್ಲರಿಗೂ ತಿಳಿದದ್ದೇ: ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವಳು ಅದನ್ನು ಮರಳಿ ಸುರಿದು ಬರಲು ಹೇಳಿದಳು. ಈ ಕಥೆಯನ್ನು ನಾವು ದುರಾಸೆಯ ನಿಷೇಧವೆಂದು ವ್ಯಾಖ್ಯಾನಿಸುತ್ತೇವೆ. ಬಾಣಂತನದಲ್ಲಿ ಅದರ ಇನ್ನೊಂದು ಮುಖ ನನಗೆ ಹೊಳೆಯಿತು. ಈ ದಿನಕ್ಕೆ ಎಷ್ಟು ಬೇಕೋ ಅಷ್ಟೇ. ನಾಳೆಯದನ್ನು ಇಂದು ಹೊರಬೇಡ ಎಂಬುದು ದಣಿದ ದೇಹಕ್ಕೂ ಹೇಳಿದ ಮಾತು.

ಅದರಂತೆ ಕೆಲಸಗಳನ್ನು ವಿಂಗಡಿಸಿಕೊಂಡೆ. ತುಂಡು ಮಾಡಬಹುದಾದ ಕೆಲಸ ಬೇರೆ, ತುಂಡು ಮಾಡಲಾಗದ ಕೆಲಸ ಬೇರೆ. ಒಂದು ಪದವನ್ನು ಒಂದು ಚೀಟಿಗೆ ಇಳಿಸಲು ಹತ್ತು ನಿಮಿಷ ಸಾಕು. ಕೂಸು ಅತ್ತರೆ ಪೆನ್ನನ್ನು ಅಲ್ಲಿಯೇ ಇಟ್ಟು ಏಳಬಹುದು. ಪ್ರಸ್ತಾವನೆಯ ಬರವಣಿಗೆಗೆ ಎರಡು ಗಂಟೆಗಳ ಏಕಾಗ್ರತೆ ಬೇಕು; ಅದನ್ನು ಮುಂದಿನ ವರ್ಷಕ್ಕೆ ಬಿಟ್ಟೆ. ಹಗಲಿನಲ್ಲಿ ಕೂಸು ಮೊದಲ ಸಲ ಮಲಗಿದಾಗ ನಾನೂ ಮಲಗುವುದು, ಎರಡನೆಯ ಸಲ ಮಲಗಿದಾಗ ಮಾತ್ರ ಚೀಟಿ ಬರೆಯುವುದು, ದಿನಕ್ಕೆ ಐದು ಚೀಟಿಗಳಾದರೆ ಮುಗಿಯಿತು ಎಂಬುದು ನಿಯಮ. ಒಂದೂ ಆಗದ ದಿನಗಳೂ ಇದ್ದವು. ಅವುಗಳ ಬಾಕಿಯನ್ನು ಮರುದಿನಕ್ಕೆ ಕೂಡಿಸಲಿಲ್ಲ.

ಮನೆಗೆಲಸದ ಹಂಚಿಕೆ ಇದಕ್ಕಿಂತ ಕಠಿಣವಾದ ವಿಷಯ. ಕೇಂದ್ರ ಸರಕಾರವು 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷಗಳನ್ನೂ ಗಂಡಸರು 88 ನಿಮಿಷಗಳನ್ನೂ ವ್ಯಯಿಸುತ್ತಾರೆ. ಈ ಅಂಕಿಗಳನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಟ್ಟೆ ನನಗಿರಲಿ, ರಾತ್ರಿ ಹತ್ತರಿಂದ ಎರಡರವರೆಗೆ ಕೂಸೂ ನನಗಿರಲಿ; ಹಾಲಿಗೆ ಮಾತ್ರ ನಿನ್ನನ್ನು ಎಬ್ಬಿಸುತ್ತೇನೆ" ಎಂದರು. ಅಂಗಳದ ತಂತಿಯ ಮೇಲೆ ಕುಂಚಿಗೆ, ದುಪ್ಪಟಿಗಳನ್ನು ಅವರು ಒಣಹಾಕುವುದನ್ನು ಕಂಡು ಓಣಿಯವರು ನಕ್ಕದ್ದುಂಟು. ಹದಿನೈದು ದಿನಗಳಲ್ಲಿ ಆ ನಗು ತಾನಾಗಿಯೇ ನಿಂತಿತು.

ಹಿರಿಯರ ಅನುಭವವನ್ನೂ ವೈದ್ಯರ ಸಲಹೆಯನ್ನೂ ಹೊಂದಿಸುವುದು ಇನ್ನೊಂದು ಕೆಲಸ. ಎಣ್ಣೆ ತಿಕ್ಕಿ ಎರೆಯುವುದನ್ನು ಅತ್ತೆಯವರಿಗೇ ಬಿಟ್ಟೆವು. ಅವರ ಕೈಯಲ್ಲಿ ಕೂಸು ಹಿತವಾಗಿ ಕಣ್ಣು ಮುಚ್ಚುತ್ತಿತ್ತು. ಆದರೆ ಜೇನುತುಪ್ಪ, ಬಜೆ ಬೇಡ, ಆರು ತಿಂಗಳವರೆಗೆ ತಾಯಿಹಾಲಷ್ಟೇ ಸಾಕು, ಲೋಬಾನದ ಹೊಗೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂಬುದನ್ನು ನಾನು ಹೇಳಿದ್ದರೆ ಮಾತಿಗೆ ಮಾತು ಬೆಳೆಯುತ್ತಿತ್ತೇನೋ. ಮನೆಗೆ ಬಂದ ಆಶಾ ಕಾರ್ಯಕರ್ತೆಯೇ ಹೇಳಿದ್ದರಿಂದ ಅತ್ತೆಯವರು ಒಪ್ಪಿದರು. ಆಸ್ಪತ್ರೆಯಲ್ಲಿ ಹೆರಿಗೆಯಾದರೂ 3, 7, 14, 21, 28 ಮತ್ತು 42ನೆಯ ದಿನಗಳಂದು ಅವರು ಮನೆಗೆ ಬಂದು ಕೂಸಿನ ತೂಕವನ್ನೂ ತಾಯಿಯ ಸ್ಥಿತಿಯನ್ನೂ ನೋಡುವ ವ್ಯವಸ್ಥೆ ಇದೆ.

ತಾಯಿಯ ಸ್ಥಿತಿಯೆಂದಾಗ ಮನಸ್ಸನ್ನೂ ಸೇರಿಸಿಯೇ ಹೇಳಬೇಕು. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ನನಗೂ ಬಂದಿತ್ತು, ಹೋಯಿತು. ಎರಡು ವಾರಗಳ ಮೇಲೂ ದುಃಖ, ನಿದ್ರಾಹೀನತೆ, ಕೂಸಿನ ಬಗ್ಗೆ ನಿರಾಸಕ್ತಿ ಉಳಿದರೆ ಅದು ಸೋಮಾರಿತನವಲ್ಲ, ದೃಷ್ಟಿಯೂ ಅಲ್ಲ, ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ವೈದ್ಯರನ್ನು ಕಾಣಬೇಕು, ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಪದಕೋಶದ ವಿಷಯದಲ್ಲಿ ನಾನು ಎಣಿಸದೇ ಇದ್ದ ಒಂದು ಲಾಭವಾಯಿತು. ಕೂಸಿಗೆ ಎರೆಯುವಾಗ ಒಂದು ದಿನ "ತೂರುವುದಕ್ಕೂ ಕೇರುವುದಕ್ಕೂ ಏನ್ ಫರಕ್ ರೀ ಅತ್ತಿ?" ಎಂದು ಕೇಳಿದೆ. ಗಾಳಿಗೆ ಹಿಡಿದು ಸುರಿಯುವುದು ತೂರುವುದು, ಮೊರದಲ್ಲಿ ಹಾರಿಸಿ ಹೊಟ್ಟು ತೆಗೆಯುವುದು ಕೇರುವುದು ಎಂದು ಹೇಳಿ, ಮೊರವನ್ನೇ ತರಿಸಿ ಮಾಡಿ ತೋರಿಸಿದರು. ಅಂದಿನಿಂದ ನುಚ್ಚು, ತೌಡು, ಬೀಸುಕಲ್ಲಿನ ಗೂಟ ಒಂದೊಂದಾಗಿ ಚೀಟಿಗೆ ಬಂದವು. ಈಗ ಚೀಟಿಗಳು ತೊಯ್ಯಬಾರದೆಂದು ಎತ್ತಿಡುವವರು ಅವರೇ.

ಮಗುವಿಗೆ 14 ವಾರಗಳ ಲಸಿಕೆ ಆಗಿದೆ. ಚೀಟಿಗಳು 240 ಆಗಿವೆ. ದೊಡ್ಡ ಸಂಖ್ಯೆಯೇನಲ್ಲ, ಆದರೆ ಒಂದೂ ಕೂಸಿನ ಪಾಲಿನ ಹಾಲನ್ನಾಗಲಿ, ನನ್ನ ಪಾಲಿನ ನಿದ್ರೆಯನ್ನಾಗಲಿ ಕಸಿದು ಬಂದದ್ದಲ್ಲ. ತಮ್ಮ ಮನೆಯಲ್ಲಿ ಬಾಣಂತಿಯಿದ್ದರೆ ಓದುಗರಲ್ಲಿ ನನ್ನದೊಂದು ವಿನಂತಿ: ಕೂಸನ್ನು ನೋಡಲು ಹೋದಾಗ ಒಂದು ಬುಟ್ಟಿ ಬಟ್ಟೆಯನ್ನು ಒಗೆದು ಕೊಡಿ, ಇಲ್ಲವೇ ಒಂದು ಹೊತ್ತಿನ ರೊಟ್ಟಿ ಪಲ್ಯವನ್ನು ಒಯ್ಯಿರಿ. ಆಮೇಲೆ ಅವಳು ಹೆರಿಗೆಗೆ ಮುನ್ನ ಏನು ಮಾಡುತ್ತಿದ್ದಳೆಂದು ಕೇಳಿರಿ. ಹೊಲಿಗೆಯಿರಲಿ, ಓದಿರಲಿ, ಹಾಡಿರಲಿ, ಅದು ಅವಳದೇ ಕಾಯಕ. ದಿನಕ್ಕೆ ಅರ್ಧ ಗಂಟೆಯಷ್ಟಾದರೂ ಅವಳಿಗೆ ಮರಳಿ ದೊರೆಯಲಿ.