ಅಳಿಸಿದರೂ ಉಳಿಯುವ ಇದ್ದಿಲು

ಇದ್ದಿಲಿನಿಂದ ಬರೆದ ಗೆರೆಯನ್ನು ಕಾಗದದ ಮೇಲಿಂದ ಪೂರ್ತಿಯಾಗಿ ಅಳಿಸಲು ಬರುವುದಿಲ್ಲ. ರಬ್ಬರಿನಿಂದ ಎಷ್ಟು ಉಜ್ಜಿದರೂ, ಬಟ್ಟೆಯಿಂದ ಎಷ್ಟು ಒರೆಸಿದರೂ ಕರಿಪುಡಿಯ ಒಂದಂಶವು ಕಾಗದದ ನಾರುಗಳ ನಡುವೆ ಸೇರಿಕೊಂಡು ಬೂದುಬಣ್ಣದ ಮಸುಕಾಗಿ ಅಲ್ಲಿಯೇ ಉಳಿದುಬಿಡುತ್ತದೆ. ಚಿತ್ರಕಲೆಯ ಅಭ್ಯಾಸದಲ್ಲಿ ಸಾಮಾನ್ಯವಾಗಿ ದೋಷವೆಂದು ಎಣಿಸಲಾಗುವ ಈ ಗುಣವನ್ನೇ ತಮ್ಮ ಕಲೆಯ ಅಡಿಪಾಯವನ್ನಾಗಿ ಮಾಡಿಕೊಂಡವರು ದಕ್ಷಿಣ ಆಫ್ರಿಕಾದ ಜೊಹಾನೆಸ್‌ಬರ್ಗ್ ನಗರದ ಚಿತ್ರಕಾರ ಮತ್ತು ಚಲನಚಿತ್ರಕಾರ ವಿಲಿಯಂ ಕೆಂಟ್ರಿಜ್. 1989ರಿಂದ 2020ರವರೆಗೆ ಅವರು ಒಂದೊಂದಾಗಿ ರಚಿಸಿದ ಹನ್ನೊಂದು ಕಿರುಚಿತ್ರಗಳ ಮಾಲೆಗೆ ‘ಡ್ರಾಯಿಂಗ್ಸ್ ಫಾರ್ ಪ್ರೊಜೆಕ್ಷನ್’ ಎಂಬ ಹೆಸರಿದೆ. ತೆರೆಯ ಮೇಲೆ ಮೂಡಿಸಲೆಂದೇ ಬರೆದ ರೇಖಾಚಿತ್ರಗಳು ಎಂಬುದು ಅದರ ತಾತ್ಪರ್ಯ. ಚಲಿಸುವ ಚಿತ್ರಕ್ಕಿಂತ ಮೊದಲು ಬರುವುದು ಕೈಯಿಂದ ಬರೆದ ಚಿತ್ರ ಎಂಬ ಅವರ ನಿಲುವು ಆ ಹೆಸರಿನಲ್ಲಿಯೇ ಅಡಗಿದೆ.

ಈ ಕೆಲಸದ ಬಗೆಯನ್ನು ತಿಳಿಯಬೇಕಾದರೆ ರೂಢಿಯ ಆನಿಮೇಷನ್ ವಿಧಾನವನ್ನು ಒಮ್ಮೆ ನೆನೆಯಬೇಕಾಗುತ್ತದೆ. ನಿಶ್ಚಲ ಚಿತ್ರಗಳನ್ನು ವೇಗವಾಗಿ ಒಂದರ ಹಿಂದೊಂದರಂತೆ ತೋರಿಸಿ ಚಲನೆಯ ಭ್ರಮೆಯನ್ನು ಹುಟ್ಟಿಸುವ ಆ ಕಲೆಯಲ್ಲಿ ಪಾತ್ರದ ಪ್ರತಿಯೊಂದು ಭಂಗಿಗೂ ಬೇರೆ ಬೇರೆ ಪಾರದರ್ಶಕ ಹಾಳೆಯನ್ನು ಬಳಸುವುದು ಬಹುಕಾಲದ ಪದ್ಧತಿಯಾಗಿತ್ತು. ಹಾಳೆ ಬದಲಾದ ಕೂಡಲೇ ಹಿಂದಿನ ಭಂಗಿಯು ಯಾವ ಕುರುಹನ್ನೂ ಬಿಡದೆ ಮರೆಯಾಗುತ್ತಿತ್ತು. ಕೆಂಟ್ರಿಜ್ ಅವರು ಒಂದು ದೃಶ್ಯಕ್ಕೆ ಒಂದೇ ದೊಡ್ಡ ಕಾಗದವನ್ನು ಗೋಡೆಗೆ ಸಿಕ್ಕಿಸಿ, ಅದರ ಮೇಲೆ ಇದ್ದಿಲಿನಿಂದ ಬರೆದು, ಒಂದೆರಡು ಚೌಕಟ್ಟುಗಳಷ್ಟು ಚಿತ್ರೀಕರಿಸಿಕೊಂಡು, ಕೈಯೊಂದನ್ನೋ ಮೋಡವೊಂದನ್ನೋ ಅಳಿಸಿ ತುಸು ಪಕ್ಕಕ್ಕೆ ಮತ್ತೆ ಬರೆದು, ಪುನಃ ಚಿತ್ರೀಕರಿಸುತ್ತಾರೆ. ಸೆಕೆಂಡಿಗೆ 24 ಚೌಕಟ್ಟುಗಳು ಓಡುವ ಫಿಲ್ಮಿನಲ್ಲಿ ಒಂದು ಬದಲಾವಣೆಗೆ ಎರಡು ಚೌಕಟ್ಟುಗಳೆಂದು ಹಿಡಿದರೂ ಒಂದು ಸೆಕೆಂಡಿನ ಚಲನೆಗೆ ಹನ್ನೆರಡು ಬಾರಿ ಅಳಿಸಿ ಬರೆಯಬೇಕು. ಇಡೀ ಚಿತ್ರ ಮುಗಿಯುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಸಾವಿರಾರು ಹಾಳೆಗಳಲ್ಲ, ಹತ್ತಾರು ಕಾಗದಗಳು ಮಾತ್ರ. ಪ್ರತಿಯೊಂದು ಕಾಗದವೂ ತನ್ನ ಮೇಲೆ ನಡೆದದ್ದೆಲ್ಲವನ್ನೂ ಮಸಿಯ ಪದರಗಳಲ್ಲಿ ಹೊತ್ತುಕೊಂಡಿರುತ್ತದೆ. ತೆರೆಯ ಮೇಲೆ ಮನುಷ್ಯನೊಬ್ಬ ನಡೆದುಹೋದರೆ ಅವನ ಹಿಂದೆ ಅವನು ನಡೆದ ಹಾದಿಯ ಕಲೆ ಕಾಣುತ್ತದೆ. ಬಣ್ಣ ತೀರ ವಿರಳ: ನೀರು ಹರಿಯುವಲ್ಲಿ ನೀಲಿ, ಗಾಯವನ್ನೋ ಅಳತೆಯ ಗುರುತನ್ನೋ ತೋರಿಸುವಲ್ಲಿ ಕೆಂಪು. ಈ ಮಿತವ್ಯಯದಿಂದಾಗಿ, ಒಣಗಿದ ಬೂದು ನೆಲದ ಮೇಲೆ ನೀಲಿಯ ಒಂದು ಗೆರೆ ಮೂಡಿದ ಕೂಡಲೇ ನೋಡುವವರ ಮೈ ಜುಮ್ಮೆನ್ನುತ್ತದೆ.

ಕ್ಯಾಮೆರಾ ಇರುವುದು ಸ್ಟುಡಿಯೊದ ಇನ್ನೊಂದು ತುದಿಯಲ್ಲಿ. ಆದ್ದರಿಂದ ಪ್ರತಿಯೊಂದು ಬದಲಾವಣೆಯ ಬಳಿಕವೂ ಕಲಾವಿದರು ಗೋಡೆಯಿಂದ ಕ್ಯಾಮೆರಾದವರೆಗೆ ನಡೆದು, ಗುಂಡಿಯೊತ್ತಿ, ಮತ್ತೆ ಗೋಡೆಗೆ ಮರಳಬೇಕು. ಸಹಾಯಕರೊಬ್ಬರನ್ನು ಕ್ಯಾಮೆರಾದ ಬಳಿ ನಿಲ್ಲಿಸಿದರೆ ಈ ನಡಿಗೆಯನ್ನು ಉಳಿಸಬಹುದಿತ್ತಾದರೂ, ಚಿತ್ರ ಹುಟ್ಟುವುದೇ ಈ ನಡಿಗೆಯಲ್ಲಿ ಎಂಬುದು ಕೆಂಟ್ರಿಜ್ ಅವರ ದೃಢವಾದ ಅನುಭವ. ಬೆನ್ನ ಹಿಂದೆ ಕಾಗದ, ಕಣ್ಣ ಮುಂದೆ ಕ್ಯಾಮೆರಾ. ಕೈಗೆ ಕೆಲಸವಿಲ್ಲದ ಆ ಹತ್ತಾರು ಹೆಜ್ಜೆಗಳಲ್ಲಿ ಮುಂದಿನ ಗೆರೆ ಯಾವುದೆಂಬುದು ಹೊಳೆಯುತ್ತದೆ. ಕೈಕಸುಬಿನಲ್ಲಿ ತೊಡಗಿದವರೆಲ್ಲರೂ ಬಲ್ಲ ಸತ್ಯವಿದು: ವಸ್ತುವಿನ ನಿಧಾನವೇ ಬುದ್ಧಿಗೆ ಬಿಡುವು ಕೊಡುತ್ತದೆ. ಇಷ್ಟು ಪ್ರಾಚೀನವೆನಿಸುವ ವಿಧಾನವನ್ನು ಅವರು ಶಿಲಾಯುಗದ ಚಿತ್ರನಿರ್ಮಾಣವೆಂದು ಕರೆದುಕೊಂಡಿದ್ದಾರೆ.

ಇನ್ನೊಂದು ವಿಶೇಷವೆಂದರೆ, ಈ ಮಾಲೆಯ ಚಿತ್ರಗಳಿಗೆ ಮೊದಲೇ ಬರೆದಿಟ್ಟ ಚಿತ್ರಕಥೆಯಾಗಲಿ, ದೃಶ್ಯಗಳನ್ನು ಅನುಕ್ರಮವಾಗಿ ರೇಖಿಸಿಟ್ಟ ಸ್ಟೋರಿಬೋರ್ಡ್ ಆಗಲಿ ಇರುವುದಿಲ್ಲ. ಒಂದು ಬಿಂಬದಿಂದ ಕೆಲಸ ಆರಂಭವಾಗುತ್ತದೆ, ಆ ಬಿಂಬವೇ ಮುಂದಿನದನ್ನು ಕರೆತರುತ್ತದೆ. 1991ರ ‘ಮೈನ್’ ಎಂಬ ಚಿತ್ರ ಇದಕ್ಕೆ ಸೊಗಸಾದ ನಿದರ್ಶನ. ಪಟ್ಟೆಪಟ್ಟೆಯ ಸೂಟು ತೊಟ್ಟ ಗಣಿಧಣಿ ಸೋಹೋ ಎಕ್‌ಸ್ಟೈನ್ ಎಂಬ ಪಾತ್ರವನ್ನು ಹಾಸಿಗೆಯ ಮೇಲೆ, ಬೆಳಗಿನ ತಿಂಡಿಯ ತಟ್ಟೆಯ ಮುಂದೆ ಕೂರಿಸಿಯಾಗಿತ್ತು. ಆದರೆ ಅಲ್ಲಿಂದ ಭೂಗರ್ಭದ ಗಣಿಗೆ ಹೋಗುವ ದಾರಿ ಕಂಡಿರಲಿಲ್ಲ. ತಟ್ಟೆಯ ಮೇಲೆ ಬರೆದದ್ದು, ಸ್ಟುಡಿಯೊದಲ್ಲಿಯೇ ಇದ್ದ ಒಂದು ಕಾಫಿ ಪಾತ್ರೆ. ಕಾಫಿಪುಡಿಯನ್ನು ತಳಕ್ಕೆ ಒತ್ತಲು ಅದರಲ್ಲಿ ಮೇಲಿನಿಂದ ಕೆಳಗೆ ತಳ್ಳುವ ಜಾಲರಿ ಇರುತ್ತದೆ. ಜಾಲರಿಯನ್ನು ಇಳಿಸುತ್ತ ಬಂದಾಗ ಅದು ತಳದಲ್ಲಿ ನಿಲ್ಲಬೇಕಾಗಿಲ್ಲವೆಂಬುದು ಹೊಳೆಯಿತು. ಅದು ತಟ್ಟೆಯನ್ನು, ಹಾಸಿಗೆಯನ್ನು, ನೆಲವನ್ನು ಕೊರೆದುಕೊಂಡು ಗಣಿಯ ಬಾವಿಯಾಗಿ ಇಳಿಯಿತು, ಕಾರ್ಮಿಕರು ಕಪಾಟಿನಂಥ ಹಲಗೆಗಳ ಮೇಲೆ ಒತ್ತೊತ್ತಾಗಿ ಮಲಗಿದ ವಸತಿಯನ್ನೂ ಬಂಡೆ ಕೊರೆಯುವವರನ್ನೂ ಹಾದುಹೋಯಿತು. ಧಣಿಯ ಕಾಫಿಗೂ ಕೂಲಿಯವನ ಬೆವರಿಗೂ ಇರುವ ಸಂಬಂಧವನ್ನು ವಿವರಿಸಲು ಅರ್ಥಶಾಸ್ತ್ರಕ್ಕೆ ಅಧ್ಯಾಯಗಳೇ ಬೇಕಾಗುತ್ತವೆ, ಇಲ್ಲಿ ಕೆಲವು ಕ್ಷಣಗಳ ಒಂದು ಗೆರೆ ಅದನ್ನು ಸಾಧಿಸುತ್ತದೆ. ಇದನ್ನು ಬರಿಯ ಆಕಸ್ಮಿಕವೆನ್ನಲು ಬರುವುದಿಲ್ಲ, ಪೂರ್ವಯೋಜನೆಯೆನ್ನಲೂ ಬರುವುದಿಲ್ಲ. ಇವೆರಡರ ನಡುವಣ ಈ ಸ್ಥಿತಿಗೆ ಕೆಂಟ್ರಿಜ್ ಅವರು ರೋಮನ್ನರ ಅದೃಷ್ಟದೇವತೆಯಾದ ‘ಫಾರ್ಚುನಾ’ಳ ಹೆಸರನ್ನಿಟ್ಟಿದ್ದಾರೆ.

ರಾಜಕೀಯ ಪ್ರಜ್ಞೆ ಅವರಿಗೆ ಮನೆಯಿಂದಲೇ ಬಂದದ್ದು. ಕೆಂಟ್ರಿಜ್ ಜನಿಸಿದ್ದು 1955ರಲ್ಲಿ. ಅವರ ತಂದೆ ಸಿಡ್ನಿ, ತಾಯಿ ಫೆಲಿಷಿಯಾ ಇಬ್ಬರೂ ವಕೀಲರು. ನೆಲ್ಸನ್ ಮಂಡೇಲಾ ಆರೋಪಿಯಾಗಿದ್ದ ದೇಶದ್ರೋಹದ ಮೊಕದ್ದಮೆಯಲ್ಲಿ ಸಿಡ್ನಿ ಪ್ರತಿವಾದಿಗಳ ಪರ ವಾದಿಸಿದವರು, 1977ರಲ್ಲಿ ಪೊಲೀಸರ ಕಸ್ಟಡಿಯಲ್ಲಿ ಸತ್ತ, ವರ್ಣಭೇದ ನೀತಿಯ ವಿರುದ್ಧದ ಹೋರಾಟಗಾರ ಸ್ಟೀವ್ ಬಿಕೋ ಅವರ ಕುಟುಂಬದ ಪರವಾಗಿ ವಿಚಾರಣೆಯಲ್ಲಿ ನಿಂತವರು. ತಂದೆಯ ಕೋಣೆಯಲ್ಲಿದ್ದ ಹಳದಿ ಡಬ್ಬಿಯೊಂದನ್ನು ಮಿಠಾಯಿಯ ಡಬ್ಬಿಯೆಂದು ತೆರೆದ ಬಾಲಕ ಕೆಂಟ್ರಿಜ್ ಅವರಿಗೆ ಅದರೊಳಗೆ ಕಂಡದ್ದು, 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರ ಛಾಯಾಚಿತ್ರಗಳು. ವಿಟ್ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ರಾಜ್ಯಶಾಸ್ತ್ರ ಮತ್ತು ಆಫ್ರಿಕನ್ ಅಧ್ಯಯನ. ಆಮೇಲೆ ಚಿತ್ರಕಲೆ, ಪ್ಯಾರಿಸ್ಸಿನ ಜಾಕ್ ಲೆಕಾಕ್ ಶಾಲೆಯಲ್ಲಿ ರಂಗಭೂಮಿ. ಇಂಥ ಹಿನ್ನೆಲೆಯವರು ಘೋಷಣೆಯ ಕಲೆಯತ್ತ ವಾಲುವುದು ಸುಲಭವಿತ್ತು, ಆ ದಾರಿಯಲ್ಲಿ ಅವರು ಕೆಲಕಾಲ ನಡೆದದ್ದೂ ಉಂಟು. ಆದರೆ ಜನರಿಗೆ ಏನು ಬೇಕೆಂಬುದು ಕಲಾವಿದನಿಗೆ ಮೊದಲೇ ತಿಳಿದಿದೆ ಎಂಬ ಭರವಸೆಯಲ್ಲಿ ಅವರಿಗೆ ನಂಬಿಕೆ ಉಳಿಯಲಿಲ್ಲ. ಎಲ್ಲವನ್ನೂ ಖಚಿತವಾಗಿ ಬಲ್ಲೆನೆನ್ನುವ ಆಡಳಿತವನ್ನು ಎದುರಿಸುವ ಕಲೆಯು ಅಷ್ಟೇ ಖಚಿತವಾದ ಧ್ವನಿಯಲ್ಲಿ ಮಾತನಾಡಿದರೆ ಎದುರಾಳಿಯ ದನಿಯನ್ನೇ ಎರವಲು ಪಡೆದಂತಾಗುತ್ತದೆ. ಚಿತ್ರಕಥೆಯಿಲ್ಲದೆ, ಅಳಿಸುತ್ತ, ತಿದ್ದುತ್ತ ಸಾಗುವ ವಿಧಾನವು ಆದ್ದರಿಂದ ಕೇವಲ ಶೈಲಿಯ ಆಯ್ಕೆಯಲ್ಲ. ಅವರ ರಾಜಕೀಯವು ಇರುವುದೇ ಅಲ್ಲಿ.

ಜೊಹಾನೆಸ್‌ಬರ್ಗಿನ ನೆಲಕ್ಕೂ ಈ ವಿಧಾನಕ್ಕೂ ಆಳವಾದ ಹೊಂದಿಕೆಯಿದೆ. 1886ರಲ್ಲಿ ಚಿನ್ನ ಸಿಕ್ಕಿದ್ದರಿಂದಲೇ ಹುಟ್ಟಿದ ಆ ನಗರದ ಸುತ್ತಲಿನ ಗುಡ್ಡಗಳು ಪ್ರಕೃತಿಯವಲ್ಲ, ಗಣಿಯ ತ್ಯಾಜ್ಯದವು. ಕೋಲಾರದ ಕೆ.ಜಿ.ಎಫ್.ನಲ್ಲಿ ಸೈನೈಡ್ ದಿಬ್ಬಗಳನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಅದಿರನ್ನು ಪುಡಿಮಾಡಿ ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ನುಣುಪು ಮಣ್ಣಿನ ರಾಶಿಗಳವು. ಅಳಿದುಳಿದ ಚಿನ್ನಕ್ಕಾಗಿ ಜೊಹಾನೆಸ್‌ಬರ್ಗಿನ ಅನೇಕ ದಿಬ್ಬಗಳನ್ನು ಮತ್ತೆ ತೊಳೆದು ಸಾಗಿಸಲಾಗಿದ್ದು, ನಿನ್ನೆಯ ಗುಡ್ಡ ಇಂದು ಬಯಲಾಗುವ ಊರದು. 1994ರ ‘ಫೀಲಿಕ್ಸ್ ಇನ್ ಎಕ್ಸೈಲ್’ ಚಿತ್ರವು ಈ ಮರೆವಿನ ನೆಲವನ್ನೇ ತನ್ನ ವಸ್ತುವಾಗಿಸಿಕೊಂಡಿದೆ. ವರ್ಣಭೇದ ನೀತಿಯ ಕೊನೆಯ ತಿಂಗಳುಗಳಲ್ಲಿ, ಎಲ್ಲರೂ ಮತ ಹಾಕಲಿದ್ದ ಮೊದಲ ಚುನಾವಣೆಯ ಮುನ್ನ ರಚಿತವಾದ ಆ ಚಿತ್ರದಲ್ಲಿ ನಂದಿ ಎಂಬ ಆಫ್ರಿಕನ್ ಮಹಿಳೆ ಥಿಯೊಡಲೈಟ್ ಎಂಬ ಭೂಮಾಪನ ಯಂತ್ರದ ಮೂಲಕ ನೆಲವನ್ನು ಅಳೆಯುತ್ತ, ಅಲ್ಲಿ ಬಿದ್ದ ಹೆಣಗಳನ್ನು ಚಿತ್ರಿಸಿಕೊಳ್ಳುತ್ತಾಳೆ. ಗಾಳಿಗೆ ಹಾರಿಬಂದ ಪತ್ರಿಕೆಯ ಹಾಳೆಗಳು ಹೆಣಗಳನ್ನು ಮುಚ್ಚುತ್ತವೆ, ಹೆಣಗಳು ಕರಗಿ ನೆಲದಲ್ಲಿ ಒಂದಾಗುತ್ತವೆ, ಕೊನೆಗೆ ನಂದಿಯೂ ಗುಂಡಿಗೆ ಬಲಿಯಾಗುತ್ತಾಳೆ. ನೆಲವು ನೆನಪಿಟ್ಟುಕೊಳ್ಳದೆ ನುಂಗಿದ್ದನ್ನು ಕಾಗದವು ನುಂಗಲಾರದೆ ಹೊತ್ತು ನಿಲ್ಲುವ ಈ ಚಿತ್ರವೇ ಮಾಲೆಯ ಶಿಖರ.

1996ರಲ್ಲಿ ಸತ್ಯ ಮತ್ತು ಸಂಧಾನ ಆಯೋಗವು ವಿಚಾರಣೆ ಆರಂಭಿಸಿತು. ವರ್ಣಭೇದದ ಕಾಲದ ರಾಜಕೀಯ ಅಪರಾಧಗಳನ್ನು ಮಾಡಿದವರು ನಡೆದದ್ದನ್ನು ಪೂರ್ತಿಯಾಗಿ ಹೇಳಿದರೆ ಕ್ಷಮಾದಾನಕ್ಕೆ ಅರ್ಹರಾಗಬಹುದೆಂಬುದು ಅದರ ಏರ್ಪಾಡಾಗಿತ್ತು. ಅದೇ ವರ್ಷದ ‘ಹಿಸ್ಟರಿ ಆಫ್ ದ ಮೇನ್ ಕಂಪ್ಲೇಂಟ್’ ಚಿತ್ರದಲ್ಲಿ ಗಣಿಧಣಿ ಸೋಹೋ ಪ್ರಜ್ಞೆತಪ್ಪಿ ಆಸ್ಪತ್ರೆಯಲ್ಲಿ ಮಲಗಿದ್ದಾನೆ; ಎಕ್ಸ್‌ರೇಯಲ್ಲಿ ಅವನ ದೇಹದೊಳಗೆ ಟೈಪ್‌ರೈಟರು, ದೂರವಾಣಿಗಳು ಕಾಣುತ್ತವೆ; ಅವನ ನೆನಪಿನಲ್ಲಿ ರಾತ್ರಿಯ ರಸ್ತೆ, ರಸ್ತೆಯ ಬದಿಯಲ್ಲಿ ಥಳಿಸಲ್ಪಡುತ್ತಿರುವ ಮನುಷ್ಯ, ಕಾರಿಗೆ ಸಿಕ್ಕಿ ಬೀಳುವ ದೇಹ. ಎಚ್ಚರಗೊಂಡ ಸೋಹೋ ಮತ್ತೆ ತನ್ನ ಮೇಜಿನ ಮುಂದೆ ವ್ಯವಹಾರಕ್ಕೆ ಕೂರುತ್ತಾನೆ. ತಪ್ಪನ್ನು ಅರಿಯುವುದಕ್ಕೂ ಬದಲಾಗುವುದಕ್ಕೂ ನಡುವೆ ಇರುವ ಅಂತರವನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರಗಳು ವಿರಳ. ಸೋಹೋನ ಮುಖದಲ್ಲಿ ಕೆಂಟ್ರಿಜ್ ಅವರದೇ ಮುಖದ ಛಾಯೆಯಿರುವುದರಿಂದ ಈ ನಿಷ್ಠುರತೆಗೆ ಪ್ರಾಮಾಣಿಕತೆಯ ತೂಕ ಬಂದಿದೆ. ಬಿಳಿಯ ಪ್ರಜೆಯಾಗಿ ತಾನು ದೋಷದ ಹೊರಗಿದ್ದೇನೆಂದು ಅವರು ಎಲ್ಲಿಯೂ ನಟಿಸುವುದಿಲ್ಲ.

ಮುಂದೆ ಅವರ ಕೆಲಸ ಒಪೆರಾ, ಗೊಂಬೆಯಾಟ, ಎಂಟು ತೆರೆಗಳ ಮೆರವಣಿಗೆಗಳವರೆಗೆ ಹಿಗ್ಗಿತು. ಅವುಗಳ ವೈಭವ ದೊಡ್ಡದಾದರೂ, ಒಂದು ಕೈ ಮತ್ತು ಒಂದು ಕಾಗದದ ನಡುವಣ ಆಪ್ತತೆ ಅಲ್ಲಿ ತುಸು ತೆಳುವಾಗಿದೆ. ಇದಕ್ಕೆ ಹೊರತಾದದ್ದು 2016ರಲ್ಲಿ ರೋಮಿನ ಟೈಬರ್ ನದಿಯ ಕಲ್ಲುಗೋಡೆಯ ಮೇಲೆ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ಮೂಡಿದ ‘ಟ್ರಯಂಫ್ಸ್ ಅಂಡ್ ಲಮೆಂಟ್ಸ್’. ಅಲ್ಲಿ ಬಣ್ಣವನ್ನೇ ಬಳಸಲಿಲ್ಲ. ಅಚ್ಚುಗಳನ್ನು ಗೋಡೆಗೆ ಹಿಡಿದು, ಸುತ್ತಲಿನ ಹಳೆಯ ಕೊಳೆಯನ್ನು ನೀರಿನ ರಭಸದಿಂದ ತೊಳೆದಾಗ ಉಳಿದ ಕೊಳೆಯೇ ಆಕೃತಿಗಳಾಯಿತು. ಗೋಡೆ ಮತ್ತೆ ಕೊಳೆಯಾಗುತ್ತಿದ್ದಂತೆ ಚಿತ್ರ ಮಾಸಬೇಕೆಂಬುದು ಯೋಜನೆಯ ಭಾಗವೇ ಆಗಿತ್ತು.

ಇದ್ದಿಲಿನ ಹನ್ನೊಂದು ಚಿತ್ರಗಳಲ್ಲಿ ಯಾವುದೂ ಹತ್ತು ನಿಮಿಷವನ್ನು ಮೀರುವುದಿಲ್ಲ. ಕಲೆಯಲ್ಲಿ ರಾಜಕೀಯವೆಂದರೆ ಭಾಷಣವೆಂದು ಬೇಸತ್ತಿರುವ ಆಸಕ್ತರು ಇವುಗಳಲ್ಲಿ ಒಂದನ್ನಾದರೂ ಎರಡು ಬಾರಿ ನೋಡಬೇಕು: ಮೊದಲ ಬಾರಿ ಚಲಿಸುವ ಆಕೃತಿಗಳ ಮೇಲೆ ಕಣ್ಣಿಟ್ಟು, ಎರಡನೆಯ ಬಾರಿ ಅವು ಬಿಟ್ಟುಹೋದ ಮಸುಕಿನ ಮೇಲೆ ಕಣ್ಣಿಟ್ಟು.