ಗಡಿಯ ಮಣ್ಣು

ಮಂಜೇಶ್ವರದ ಕಡೆಯವರು "ಪೇಟೆಗೆ ಹೋಗಿಬರುತ್ತೇನೆ" ಎಂದರೆ ಆ ಪೇಟೆ ಮಂಗಳೂರೇ ಎಂದು ವಾಚಕರು ತಿಳಿಯಬೇಕು. ಜಿಲ್ಲೆಯ ಮುಖ್ಯಪಟ್ಟಣ ಕಾಸರಗೋಡಾದರೂ ನಮಗೆ ಅದರ ನೆನಪಾಗುವುದು ಕಚೇರಿಯ ಕೆಲಸವಿದ್ದಾಗ ಮಾತ್ರ. ಮದುವೆಯ ಜವಳಿ, ಮಕ್ಕಳ ಕಾಲೇಜು, ಅಡಕೆಯ ಧಾರಣೆ, ಕಠಿಣವಾದ ಹೆರಿಗೆ, ಹೃದಯದ ಬೇನೆ, ಇವೆಲ್ಲಕ್ಕೂ ಬಡಗಲ ದಾರಿಯೇ ದಾರಿ. 1956ರ ನವಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ನೆಲವು ಕೇರಳಕ್ಕೆ ಸೇರಿತು, ನಿಜ. ಆದರೆ ನಮ್ಮ ಬಸ್ಸುಗಳಿಗೆ ಆ ಸಂಗತಿಯನ್ನು ಯಾರೂ ತಿಳಿಸಿದಂತೆ ಕಾಣುವುದಿಲ್ಲ. ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಲಾರಿಗಳು ನಿಲ್ಲುತ್ತಿದ್ದುವೇ ಹೊರತು ಮನುಷ್ಯರು ನಿಲ್ಲುತ್ತಿರಲಿಲ್ಲ.

ಮನುಷ್ಯರು ನಿಂತುದು 2020ರಲ್ಲಿ. ಕೋವಿಡ್ ರೋಗವು ಭಾರತದಲ್ಲಿ ಮೊತ್ತಮೊದಲು ಕಾಣಿಸಿಕೊಂಡುದು ಕೇರಳದಲ್ಲಿ, ಆ ವರ್ಷದ ಜನವರಿ 30ರಂದು. ದೇಶದ ಮೂರನೆಯ ರೋಗಿ ನಮ್ಮ ಜಿಲ್ಲೆಯವರೇ, ವುಹಾನಿನಿಂದ ಮರಳಿದ ಒಬ್ಬ ವಿದ್ಯಾರ್ಥಿ. ಅದು ಅಲ್ಲಿಗೆ ಶಮನವಾಯಿತೆಂದು ಎಣಿಸಿದ್ದಾಗ, ಮಾರ್ಚಿಯಲ್ಲಿ ಕೊಲ್ಲಿ ನಾಡುಗಳಿಂದ ಬಂದವರೊಡನೆ ರೋಗವು ಮತ್ತೆ ಕಾಲಿಟ್ಟಿತು. ತಿಂಗಳ ಕೊನೆಗೆ ಕೇರಳದಲ್ಲೇ ಅತಿ ಹೆಚ್ಚು ರೋಗಿಗಳಿದ್ದ ಜಿಲ್ಲೆ ನಮ್ಮದಾಗಿತ್ತು. ಅದುವರೆಗೆ ದುಬಾಯಿಯಿಂದ ಒಬ್ಬನು ಊರಿಗೆ ಬಂದನೆಂದರೆ ಆತನ ಅತ್ತರಿನ ಪರಿಮಳಕ್ಕೇ ಮಕ್ಕಳು ಸುತ್ತುವರಿಯುತ್ತಿದ್ದರು. ಈಗ ಆ ಮನೆಯ ಓಣಿಯಲ್ಲಿ ಹಾಲಿನವನೂ ನಡೆಯಲೊಲ್ಲನು. ಅವರು ಕಳುಹಿಸಿದ ಹಣದಿಂದ ಎದ್ದ ಮಸೀದಿ, ಶಾಲೆಯ ಕೊಠಡಿ, ಎಷ್ಟೋ ಹೆಣ್ಣುಮಕ್ಕಳ ಮದುವೆ ಯಾರಿಗೂ ಆಗ ಜ್ಞಾಪಕಕ್ಕೆ ಬರಲಿಲ್ಲ.

ಮಾರ್ಚಿ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ಕರ್ನಾಟಕವು ಗಡಿಯನ್ನು ಮುಚ್ಚಿತು. ತಲಪಾಡಿಯಲ್ಲಿ ಹೆದ್ದಾರಿಗೆ ತಡೆಗಟ್ಟು, ಒಳರಸ್ತೆಗಳಿಗೆ ಮಣ್ಣು. ಲಾರಿಗಟ್ಟಲೆ ಮಣ್ಣನ್ನು ತಂದು ರಸ್ತೆಯ ನಡುವೆ ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ರೋಗಿಗಳು ಹಿಂದಿರುಗಬೇಕಾಯಿತು. ದಾರಿ ಕಾಣದೆ ಸತ್ತವರ ಸುದ್ದಿ ದಿನದಿನವೂ ಪತ್ರಿಕೆಗಳಲ್ಲಿ ಬಂದಿತು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆಗಳನ್ನು ತೆಗೆಯಿಸಬೇಕೆಂದು ಕೇಂದ್ರಕ್ಕೆ ಆಜ್ಞೆಯಿತ್ತಿತು. ವಿವಾದವು ಸರ್ವೋಚ್ಚ ನ್ಯಾಯಾಲಯಕ್ಕೇರಿ, ತುರ್ತಿನ ರೋಗಿಗಳನ್ನು ತಪಾಸಣೆ ಮಾಡಿ ಬಿಡುವ ಒಪ್ಪಂದವಾದುದನ್ನು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಇನ್ನೊಂದು ಲೆಕ್ಕವನ್ನೂ ಇದರ ಬಳಿಯಲ್ಲೇ ಇರಿಸಿ ನೋಡಬೇಕು. ಮೇ 10ರ ವೇಳೆಗೆ ಜಿಲ್ಲೆಯಲ್ಲಿ ಅದುವರೆಗೆ ಕೋವಿಡ್ ತಗಲಿದ್ದ 178 ಮಂದಿಯೂ ಗುಣಹೊಂದಿ ಮನೆಗೆ ಮರಳಿದ್ದರು, ಒಬ್ಬರೂ ಸಾಯಲಿಲ್ಲ. ರೋಗ ತಗಲಿದವರು ಬದುಕಿದರು, ತಗಲದವರು ರಸ್ತೆಯಿಲ್ಲದೆ ಸತ್ತರು.

ನಮ್ಮ ನೆರೆಯಲ್ಲಿ ಹಿರಿಯ ಕೃಷಿಕರೊಬ್ಬರಿದ್ದಾರೆ. ನಾನು ಅವರನ್ನು ಮಾವ ಎಂದೇ ಕರೆಯುವುದು. ವಾರಕ್ಕೆ ಎರಡಾವೃತ್ತಿ ಮಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರು. ದಾರಿ ಕಟ್ಟಿಹೋದ ಮೇಲೆ ಅವರನ್ನು ತೆಂಕಲಿಗೆ, ನೂರು ಕಿಲೋಮೀಟರಿಗೆ ಸಮೀಪದ ದೂರಕ್ಕೆ, ಬಾಡಿಗೆಯ ಕಾರಿನಲ್ಲಿ ಕೊಂಡೊಯ್ಯಬೇಕಾಯಿತು. ಅಟ್ಟದಲ್ಲಿ ಹಿಂದಿನ ವರ್ಷದ ಅಡಕೆ ಮೂಟೆಗಳಲ್ಲಿತ್ತು. ಕೊಳ್ಳುವವರ ಅಂಗಡಿ ಮುಚ್ಚಿತ್ತು. ಅಡಕೆ ಬೆಳೆಗಾರನ ಐಶ್ವರ್ಯವೆಂದರೆ ಇಷ್ಟೆ: ಧಾರಣೆ ಕೇಳುವವರಿರುವವರೆಗೆ ಅದು ಹಣ, ಆ ಮೇಲೆ ಅದು ಬರಿಯ ಕಾಯಿ. ಅತ್ತೆಯ ಬಳೆಗಳು ಸಹಕಾರಿ ಬೇಂಕಿನ ಪೆಟ್ಟಿಗೆಯನ್ನು ಸೇರಿದುವು. ಮಾವನವರು ಬದುಕಿಕೊಂಡರು. ಆದರೆ ಪ್ರಾಯದ ದಿನಗಳಲ್ಲಿ ಈ ನೆಲವು ಕನ್ನಡನಾಡಿಗೆ ಸೇರಬೇಕೆಂದು ಮೆರವಣಿಗೆಯಲ್ಲಿ ನಡೆದವರು ಅವರು. ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗವು ವರದಿಯಿತ್ತ ದಿನ ಮನೆಯಲ್ಲಿ ಪಾಯಸ ಮಾಡಿಸಿದ್ದರಂತೆ. ಕಾರು ತೆಂಕಲಿಗೆ ತಿರುಗಿದಾಗ ಅವರು ನನ್ನನ್ನು ಕೇಳಿದುದು ಒಂದೇ ಮಾತು: "ಮಾಷ್ಟ್ರೇ, ಆ ಮಣ್ಣು ಯಾವ ರಾಜ್ಯದ್ದು?"

ನಾನು ಏನೂ ಹೇಳಲಿಲ್ಲ. ಗಡಿಯ ಆಚೆಯವರ ಭಯ ನಿರಾಧಾರವಾಗಿತ್ತೆಂದು ನನಗನಿಸುವುದಿಲ್ಲ. ಅಷ್ಟೊಂದು ರೋಗಿಗಳಿದ್ದ ಜಿಲ್ಲೆಗೆ ಅಂಜದವರಾರು? ಆದರೆ ಹೆರಿಗೆಯ ನೋವಿನವಳನ್ನೂ ಕೆಮ್ಮಿನವನನ್ನೂ ಒಂದೇ ಗೇಟಿನಲ್ಲಿ ತಡೆಯುವ ಭಯವು ವಿವೇಕವಲ್ಲ. ಇತ್ತ ನಮ್ಮವರೂ ಪೂರ್ಣ ನಿರಪರಾಧಿಗಳಲ್ಲ. ಕಾಸರಗೋಡು ಜಿಲ್ಲೆಯಾದುದು 1984ರಲ್ಲಿ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದುದು 2013ರಲ್ಲಿ. ಅಲ್ಲಿ ರೋಗಿಗೆ ಹಾಸಿಗೆ ಸಿಕ್ಕಿದುದು 2020ರ ಏಪ್ರಿಲ್ 6ರಂದು, ಮಾರಿಯ ದೆಸೆಯಿಂದ. ಹತ್ತಿರದಲ್ಲಿ ಮಂಗಳೂರು ಇದೆಯಲ್ಲ ಎಂಬ ನೆಮ್ಮದಿಯಲ್ಲಿ ತಿರುವನಂತಪುರವೂ ಮಲಗಿತ್ತು, ನಾವೂ ಮಲಗಿದ್ದೆವು.

ಆಟಿ ತಿಂಗಳಲ್ಲಿ ಕಳಂಜನು ತೆಂಬರೆಯ ಸದ್ದಿಗೆ ಕುಣಿಯುತ್ತ ಓಲೆಕೊಡೆ ಹಿಡಿದು ಮನೆಮನೆಗೆ ಬಂದು, ಅಕ್ಕಿ, ಉಪ್ಪು, ಅರಸಿನ, ಮಸಿ ಪಡೆದು ಮಾರಿಯನ್ನು ಊರಿನಿಂದ ಹೊರದೂಡುವುದು ನಮ್ಮಲ್ಲಿಯ ಪದ್ಧತಿ. ದೂಡಿದ ಮಾರಿ ಎಲ್ಲಿಗೆ ಹೋಗುತ್ತದೆಂದು ಬಾಲ್ಯದಲ್ಲಿ ಅಜ್ಜಿಯನ್ನು ಕೇಳಿದ್ದೆ. "ಆಚೆಯ ಊರಿಗೆ" ಎಂದರು. "ಅಲ್ಲಿಯ ಕಳಂಜನು ಏನು ಮಾಡುತ್ತಾನೆ?" ಎಂದರೆ ಅಜ್ಜಿಗೆ ಸಿಟ್ಟು ಬಂದಿತ್ತು.

ಕೂಲಿಯವರ ಕಥೆ ಹೇಳತೀರದು. ನಮ್ಮ ಮನೆಗಳ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ಬಂದರೆ ಕೆಲಸ. ಕಟ್ಟಿದ ಬೀಡಿಯನ್ನು ಒಯ್ದು ಕೊಟ್ಟರೆ ಮಜೂರಿ. ಗಂಡನ ಸಂಪಾದನೆ ಗಂಡನದು, ಆದರೆ ಆ ಮಜೂರಿ ಹೆಂಗಸಿನ ಸ್ವಂತದ್ದು. ಮಗುವಿನ ಪಾಟಿಚೀಲವೂ ತವರಿಗೆ ಹೋಗುವ ಬಸ್ಸಿನ ಹಣವೂ ಅದರಲ್ಲೇ. ಬ್ರಾಂಚು ಮುಚ್ಚಿದ ವಾರಗಳಲ್ಲಿ ರೇಶನ್ ಅಕ್ಕಿಯನ್ನೂ ಸಾಮಾನಿನ ಕಿಟ್ಟನ್ನೂ ಸರಕಾರ ಧರ್ಮಾರ್ಥ ಕೊಟ್ಟಿತು, ಉಪವಾಸ ತಪ್ಪಿತು, ಅದನ್ನು ಸ್ಮರಿಸಲೇಬೇಕು. ಆದರೆ ಕಿಟ್ಟಿನೊಳಗೆ ರೊಕ್ಕವಿರಲಿಲ್ಲ. ಯಕ್ಷಗಾನ ಮೇಳಗಳವರು ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು ಕ್ರಮ. ಆ ವರ್ಷ ಮಾರ್ಚಿಯಲ್ಲೇ ಬಿಚ್ಚಿದರು. ಭೂತ ಕಟ್ಟುವವರಿಗೂ ಅದೇ ಗತಿ; ಬೇಸಗೆಯ ಕೋಲಗಳ ಸಂಭಾವನೆಯಿಂದ ಮಳೆಗಾಲ ಕಳೆಯುವ ಸಂಸಾರಗಳು ಅವು. ಮಂಗಳೂರಿನ ಜವಳಿ ಅಂಗಡಿಗಳಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರಿಗೆ ಪಾಸು ಕೆಲವು ದಿನ ಉಂಟು, ಕೆಲವು ದಿನ ಇಲ್ಲ. ಆಗಸ್ಟಿನ ಕೊನೆಗೆ ದಾರಿ ಬಿಟ್ಟಾಗ ಅವರಲ್ಲಿ ಅನೇಕರ ಸ್ಥಾನದಲ್ಲಿ ಬೇರೆಯವರು ನಿಂತಿದ್ದರು. 2021ರಲ್ಲಿ ಎರಡು ಸಲ ಮತ್ತೆ ಗಡಿಯಲ್ಲಿ 72 ಗಂಟೆಯೊಳಗಿನ ಪರೀಕ್ಷೆಯ ಸರ್ಟಿಫಿಕೇಟು ಕೇಳಿದರು. ದಿನಗೂಲಿಯವನು ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಕೆಲಸಕ್ಕೆ ಹೋಗುವುದೆಂತು?

ಇನ್ನು ನನ್ನ ವೃತ್ತಿಯ ಮಾತು. 2020ರ ಮಾರ್ಚಿ 11ರಂದು ಪ್ರಾಥಮಿಕ ಶಾಲೆ ಮುಚ್ಚಿತು. ಜೂನ್ 1ರಿಂದ ವಿಕ್ಟರ್ಸ್ ಟೆಲಿವಿಜನಿನಲ್ಲಿ 'ಫಸ್ಟ್ ಬೆಲ್' ಎಂಬ ಪಾಠಗಳು ಪ್ರಾರಂಭವಾದುವು. ಅವು ಮಲಯಾಳದವು, ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊಬೈಲೇ ಗತಿ. ಮನೆಗೊಂದು ಮೊಬೈಲು, ಅದು ತಂದೆಯ ಜೇಬಿನಲ್ಲಿ. ತಂದೆ ಮರಳುವಾಗ ಮಗುವಿಗೆ ನಿದ್ದೆ. ಪುಸ್ತಕಗಳನ್ನೂ ಮಧ್ಯಾಹ್ನದೂಟದ ಅಕ್ಕಿಯನ್ನೂ ಹಂಚಲು ನಾವು ಮನೆಮನೆಗೆ ನಡೆದಾಗ ಮಕ್ಕಳು ಬಾಗಿಲ ಮರೆಯಿಂದ ನೋಡುತ್ತಿದ್ದರು. ಕೆಲವರಿಗೆ ನನ್ನ ಗುರುತೇ ಹತ್ತಲಿಲ್ಲ. ಬಾಯಿಕಟ್ಟು ಕಟ್ಟಿಕೊಂಡ ಉಪಾಧ್ಯಾಯನನ್ನು ಅವರು ಹಿಂದೆ ಕಂಡವರಲ್ಲವಷ್ಟೆ.

ಶಾಲೆ ಮತ್ತೆ ತೆರೆದುದು 2021ರ ನವಂಬರ 1ರಂದು. ಎರಡನೆಯ ತರಗತಿಯವರು ಶಾಲೆಯ ಮೆಟ್ಟಿಲನ್ನೇ ಮೊದಲ ಬಾರಿ ಹತ್ತಿದ್ದರು. ಬೆಂಚಿನಲ್ಲಿ ಕುಳಿತಿರುವುದೂ ಅವರಿಗೆ ಕಲಿಯಬೇಕಾದ ಪಾಠವೇ ಆಯಿತು. ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಎರಡನೆಯದರಲ್ಲಿ ಓದುವಾಗ ಆಕೆಯ ಅಕ್ಷರವನ್ನು ನಾನು ಇತರರಿಗೆ ತೋರಿಸುತ್ತಿದ್ದೆ. ಈಗ ಒತ್ತಕ್ಷರ ಬಂದಲ್ಲೆಲ್ಲ ಬರೆಹ ನಿಲ್ಲುತ್ತಿತ್ತು. ಕೈಕೆಲಸದ ವೇಳೆ ಕಾಗದವನ್ನೂ ಕತ್ತರಿಯನ್ನೂ ಕೊಟ್ಟೆ. ಅಳತೆಯ ಕೋಲಿಲ್ಲದೆ, ಕಣ್ಣೆತ್ತದೆ, ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿ ಕಟ್ಟಾಗಿ ಜೋಡಿಸಿದಳು. ಬೀಡಿಯ ಎಲೆಯ ಅಳತೆ. ಆಕೆ ಈಗ ಹೈಸ್ಕೂಲು ಸೇರಿದ್ದಾಳೆ. ಒತ್ತಕ್ಷರಗಳು ಸರಿಯಾಗಿವೆ. ಸಂಜೆ ಆ ದಾರಿಯಾಗಿ ಹೋಗುವಾಗ ಜಗಲಿಯಲ್ಲಿ ತಾಯಿಯ ಬಳಿ ಮೊರ ಇಟ್ಟುಕೊಂಡು ಕುಳಿತಿರುತ್ತಾಳೆ. ನನ್ನನ್ನು ಕಂಡರೆ ಕತ್ತರಿಯನ್ನು ಸೆರಗಿನಡಿಗೆ ಸರಿಸುವವಳು ತಾಯಿ.